ನೋಡುವವನ ಋಣ

ಕದಿಯುವುದು ತಪ್ಪು, ಕೊಲ್ಲುವುದು ತಪ್ಪು, ಪರರ ವಸ್ತುವನ್ನು ಹಾಳುಗೆಡವುವುದು ತಪ್ಪು. ಈ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಆದರೆ ನೋಡುವುದು? ನೋಡುವುದರಿಂದ ಯಾರಿಗೆ ಏನು ನಷ್ಟ? ಹುಣ್ಣಿಮೆಯ ಚಂದ್ರನನ್ನು ಊರಿಗೆ ಊರೇ ನೋಡಿದರೂ ಅವನ ಬೆಳಕು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಕಣ್ಣು ಏನನ್ನೂ ಗಂಟು ಕಟ್ಟಿಕೊಂಡು ಹೋಗುವುದಿಲ್ಲ. ಆದ್ದರಿಂದ ನೋಟದ ಸುಖದಲ್ಲಿ ಪಾಪದ ಲವಲೇಶವೂ ಇಲ್ಲವೆಂದು ನಾವೆಲ್ಲ ನಂಬಿಕೊಂಡಿದ್ದೇವೆ. ರಜೆ ಬಂದೊಡನೆ ಬೆಟ್ಟ, ಕಾಡು, ಕಡಲು ನೋಡಲು ಹೊರಡುವಾಗ ನಮ್ಮ ಮನಸ್ಸು ನಿರಾಳವಾಗಿರುವುದು ಈ ನಂಬಿಕೆಯಿಂದಲೇ.

ಚಂದ್ರನ ಮಟ್ಟಿಗೆ ಈ ನಂಬಿಕೆ ಸರಿ. ಅವನನ್ನು ನೋಡಲು ನಾವು ಅಂಗಳ ಬಿಟ್ಟು ಕದಲಬೇಕಾಗಿಲ್ಲ. ಆದರೆ ನೋಡತಕ್ಕ ವಸ್ತುವಿನ ಬಳಿಗೆ ನಮ್ಮ ದೇಹವೂ ಹೋಗಬೇಕಾದಾಗ ಮಾತು ಬೇರೆಯಾಗುತ್ತದೆ. ಆಗ ಕಣ್ಣಿನ ಜೊತೆಗೆ ಕಾಲು ಹೋಗುತ್ತದೆ, ಕೈ ಹೋಗುತ್ತದೆ, ದೋಣಿ, ಲಂಗರು, ತಿಂಡಿಯ ಪೊಟ್ಟಣ ಎಲ್ಲವೂ ಹೋಗುತ್ತವೆ. ಹಳೆಯ ದೇವಸ್ಥಾನಗಳ ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದು ತಗ್ಗಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಅವನ್ನು ಸವೆಸಿದವರು ಕಳ್ಳರಲ್ಲ, ಭಕ್ತರು. ದರ್ಶನಕ್ಕೆ ಬಂದವರ ಪಾದಗಳಿಗೂ ಭಾರವಿರುತ್ತದೆ ಎಂಬ ಸಾಮಾನ್ಯ ಸಂಗತಿಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನೋಡುವುದಕ್ಕೂ ಒಂದು ಬೆಲೆಯುಂಟು ಎಂದಾದರೆ, ಆ ಬೆಲೆಯನ್ನು ತೆರಬೇಕಾದವರು ಯಾರು?

ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ. ಕಳೆದ ಜನವರಿಯಲ್ಲಿ ನಮ್ಮ ಸಂಘದ ಇಪ್ಪತ್ತೆರಡು ಮಂದಿ, ಮಕ್ಕಳು ಮುದುಕರೂ ಸೇರಿ, ಮಾಲವಣಕ್ಕೆ ಹೋಗಿದ್ದೆವು. ಕೊಂಕಣ ರೈಲ್ವೆಯಲ್ಲಿ ಕುಡಾಳದವರೆಗೆ ಪ್ರಯಾಣ, ಅಲ್ಲಿಂದ ಮುಂದೆ ಬಸ್ಸು. 1998ರಲ್ಲಿ ಈ ರೈಲುಮಾರ್ಗ ಪೂರ್ತಿಯಾದಂದಿನಿಂದ ಕಾರವಾರ, ಉಡುಪಿ, ಮಂಗಳೂರುಗಳ ಕಡೆಗೆ ಹೋಗುವ ನಮ್ಮವರು ಕುಡಾಳ ಸ್ಟೇಷನ್ನನ್ನು ಎಷ್ಟೋ ಸಲ ನಿದ್ದೆಯಲ್ಲೇ ದಾಟಿ ಹೋಗಿದ್ದಾರೆ. ಈ ಸಲ ಅಲ್ಲಿಯೇ ಇಳಿದೆವು. ಹದಿನೇಳನೆಯ ಶತಮಾನದಲ್ಲಿ ಶಿವಾಜಿ ಮಹಾರಾಜರು ಕಡಲ ನಡುವೆ ಕಟ್ಟಿಸಿದ ಸಿಂಧುದುರ್ಗದ ಕೋಟೆಯನ್ನು ನೋಡುವುದು ಒಂದು ಉದ್ದೇಶ. ಕೋಟೆಯ ಆಸುಪಾಸಿನ ನೀರಿನಲ್ಲಿ ಹವಳವನ್ನೂ ಮೀನುಗಳನ್ನೂ ನೋಡುವುದು ಇನ್ನೊಂದು. ಮುಖಕ್ಕೆ ಗಾಜಿನ ಮುಖವಾಡ ತೊಟ್ಟು, ಉಸಿರಾಟದ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವ ಈ ಕ್ರಮಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು, ಗಾಳಿ ತುಂಬಿದ ಟ್ಯೂಬು ಹಿಡಿದು ನೋಡಬಹುದು.

ಹವಳವೆಂದರೆ ಉಂಗುರದ ಕೆಂಪು ಕಲ್ಲು ಎಂಬುದೇ ನಮ್ಮಲ್ಲಿ ಬಹುಮಂದಿಯ ತಿಳುವಳಿಕೆ. ಬಿ.ಎಸ್ಸಿ. ಓದುವ ಕಾಲದಲ್ಲಿ ಕಾಲೇಜಿನ ಪ್ರಯೋಗಶಾಲೆಯ ಕಪಾಟಿನಲ್ಲಿ ಎಲುಬಿನಂತೆ ಬೆಳ್ಳಗಿದ್ದ ಒಂದು ತುಂಡನ್ನು ನೋಡಿ ಚಿತ್ರ ಬರೆದಿದ್ದೆವು. ಅದು ಸತ್ತ ಹವಳದ ಅಸ್ಥಿ. ಬದುಕಿರುವ ಹವಳ ಅಸಂಖ್ಯಾತ ಸಣ್ಣ ಪ್ರಾಣಿಗಳ ಒಂದು ವಸತಿ. ಪ್ರತಿಯೊಂದು ಪ್ರಾಣಿಗೂ ಒಂದು ಬಾಯಿ, ಬಾಯಿಯ ಸುತ್ತ ಕುಟುಕುವ ಎಳೆಗಳು. ಅವು ಸುಣ್ಣವನ್ನು ಸ್ರವಿಸಿ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಅತಿ ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಹವಳ ಅದಕ್ಕೆ ಆಶ್ರಯ ಕೊಡುತ್ತದೆ. ಮಾಲವಣದ ನೀರಿನಲ್ಲಿ ಕಾಣಸಿಗುವ ಪೊರೈಟಿಸ್ ಮುಂತಾದ ಗುಂಡುಕಲ್ಲಿನಂಥ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತವೆ, ಕೆಲವೊಮ್ಮೆ ಅಷ್ಟೂ ಇಲ್ಲ. ಅಂದರೆ ಒಂದು ಗೇಣು ಎತ್ತರದ ಹವಳ, ಕಾಲೇಜು ಮುಗಿಸಿದ ನಮ್ಮ ಮಕ್ಕಳಷ್ಟು ವಯಸ್ಸಿನದು. ಕಾಲಿಟ್ಟು ನಿಂತರೆ ಅದರ ಮೇಲಿನ ತೆಳುವಾದ ಜೀವಂತ ಪದರ ಜಜ್ಜಿಹೋಗುತ್ತದೆ. ಹತ್ತಿರದಲ್ಲಿ ಕಾಲು ಬಡಿದರೆ ಮೇಲೆದ್ದ ಹೂಳು ಅದರ ಮೇಲೆ ಕೂರುತ್ತದೆ. ಅದನ್ನು ಕೊಡವಿಕೊಳ್ಳಲು ಆ ಪ್ರಾಣಿ ತನ್ನ ಶಕ್ತಿಯನ್ನು ಲೋಳೆಯ ರೂಪದಲ್ಲಿ ಖರ್ಚು ಮಾಡಬೇಕಾಗುತ್ತದೆ.

ಕಾನೂನಿನ ದೃಷ್ಟಿಯಲ್ಲಿಯೂ ಇದು ಸಾಮಾನ್ಯ ಜೀವಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ ಇದೆ. 2001ರಿಂದ ಗಟ್ಟಿ ಹವಳಗಳೂ ಅದೇ ಅನುಸೂಚಿಗೆ ಸೇರಿವೆ. ಹುಲಿಯ ಬೆನ್ನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಹವಳದ ಮೇಲೆ ನಿಂತು ಕೈಬೀಸುತ್ತಿದ್ದ ತರುಣನೊಬ್ಬನನ್ನು ಪಕ್ಕದ ದೋಣಿಯ ಗುಂಪಿನಲ್ಲಿ ನಾವು ಕಣ್ಣಾರೆ ಕಂಡೆವು. ಹುಲಿಗೆ ಹಲ್ಲಿದೆ, ಹವಳಕ್ಕಿಲ್ಲ. ವ್ಯತ್ಯಾಸ ಅಷ್ಟೇ. ತಿರುಗಿಬೀಳಲಾರದ ಜೀವಿಯ ಮುಂದೆ ಮನುಷ್ಯನ ನಡತೆ ಹೇಗಿರುತ್ತದೆ ಎಂಬುದೇ ಅವನ ಧರ್ಮಕ್ಕೆ ಒರೆಗಲ್ಲು ಎಂದರೆ ತಪ್ಪಾಗಲಾರದು.

ಹೊರಡುವ ಮುನ್ನ ಸಂಘದ ಕೊಠಡಿಯಲ್ಲಿ ಸಭೆ ಸೇರಿ ನಾವು ಕೆಲವು ನಿಯಮಗಳನ್ನು ಗೊತ್ತುಮಾಡಿಕೊಂಡಿದ್ದೆವು. ಏನನ್ನೂ ಮುಟ್ಟತಕ್ಕದ್ದಲ್ಲ, ಎಲ್ಲಿಯೂ ಕಾಲೂರತಕ್ಕದ್ದಲ್ಲ, ಚಿಪ್ಪಾಗಲಿ ಕಲ್ಲಾಗಲಿ ತರತಕ್ಕದ್ದಲ್ಲ, ಮೈಗೆ ಬಿಸಿಲಿನ ಮುಲಾಮು ಬಳಿದುಕೊಳ್ಳುವ ಬದಲು ಪೂರ್ತಿ ತೋಳಿನ ಅಂಗಿ ತೊಡತಕ್ಕದ್ದು. ಇವನ್ನು ಪಾಲಿಸುವುದು ಕಷ್ಟವಾಗಲಿಲ್ಲ. ಮಕ್ಕಳು ದೊಡ್ಡವರಿಗಿಂತ ಶಿಸ್ತಾಗಿದ್ದರು. ಕಷ್ಟ ಬಂದದ್ದು ನಿಯಮಗಳ ಪಟ್ಟಿಯಲ್ಲಿಲ್ಲದ ಒಂದು ವಿಷಯದಲ್ಲಿ.

ದೋಣಿ ನಿಂತೊಡನೆ ದೋಣಿಯವನು ಒಂದು ಬ್ರೆಡ್ಡಿನ ಪೊಟ್ಟಣ ಬಿಚ್ಚಿದ. ಚೂರು ಮಾಡಿ ನೀರಿಗೆಸೆದರೆ ಮೀನುಗಳು ಮುತ್ತಿಕೊಳ್ಳುತ್ತವೆ. ಅವುಗಳ ನಡುವೆ ಪ್ರವಾಸಿಗನ ಮುಖ ಬರುವಂತೆ ವಿಡಿಯೋ ತೆಗೆದುಕೊಡುವುದು ಅಲ್ಲಿಯ ರೂಢಿ. ಹೀಗೆ ಮುತ್ತುವವು ಹೆಚ್ಚಾಗಿ ಮೈಮೇಲೆ ಕಪ್ಪು ಪಟ್ಟೆಗಳಿರುವ, ಸಾರ್ಜೆಂಟ್ ಮೇಜರ್ ಎಂದು ಕರೆಯುವ ಜಾತಿಯವು. ಬಿಟ್ಟಿ ಅನ್ನ ಸಿಗುವ ಜಾಗದಲ್ಲಿ ಇಂಥ ಮುನ್ನುಗ್ಗುವ ಮೀನುಗಳ ಗುಂಪು ಹೆಚ್ಚುತ್ತದೆ, ಸಂಕೋಚದ ಜಾತಿಗಳು ಹಿಂದೆ ಸರಿಯುತ್ತವೆ. ಹವಳದ ಆರೋಗ್ಯಕ್ಕೆ ಬೇಕಾದವು ಪಾಚಿಯನ್ನು ಮೇಯುವ ಮೀನುಗಳು. ಅವು ತಮ್ಮ ಕೆಲಸ ಮಾಡದಿದ್ದರೆ ಹೊರಪಾಚಿ ಬೆಳೆದು ಹವಳವನ್ನು ಮುಸುಕುತ್ತದೆ. ಬ್ರೆಡ್ಡಿನ ಚೂರು ದಾನದಂತೆ ಕಂಡರೂ ದಾನವಲ್ಲ. ಅದು ನಮ್ಮ ನೋಟಕ್ಕೆ ನಾವು ಕೊಡುವ ಲಂಚ. ಇಷ್ಟನ್ನು ತಿಳಿದ ಮೇಲೆ, ಬ್ರೆಡ್ಡು ಬೇಡವೆಂದು ಹೇಳಿದೆವು.

ನಮ್ಮ ಗುಂಪಿನಲ್ಲಿದ್ದ ಅಂಕೋಲೆಯ ಹಿರಿಯರೊಬ್ಬರು ಕೊಂಕಣಿಯಲ್ಲಿ ಮಾತನಾಡಿದರು. ಅವನು ಮಾಲವಣಿಯಲ್ಲಿ ಉತ್ತರಿಸಿದ. ಅವನ ಮಾತಿನ ಸಾರ ಹೀಗಿತ್ತು: "ಕಾಕಾ, ನೀವು ಹೇಳುವುದು ನನಗೂ ಗೊತ್ತು. ನನ್ನಪ್ಪ ಈ ನೀರಿನಲ್ಲಿ ಬಲೆ ಹಾಕಿ ಸಂಸಾರ ಸಾಕಿದವನು. ಈಗ ಮೀನು ಸಾಲದು, ಅದಕ್ಕೇ ದೋಣಿಯಲ್ಲಿ ಜನರನ್ನು ಕೂರಿಸಿಕೊಂಡಿದ್ದೇನೆ. ನಾನು ಬ್ರೆಡ್ಡು ಹಾಕದಿದ್ದರೆ ಪಕ್ಕದ ದೋಣಿಯವನು ಹಾಕುತ್ತಾನೆ. ಮೀನು ಅಲ್ಲಿಗೆ ಹೋಗುತ್ತದೆ, ಗಿರಾಕಿಯೂ ಅಲ್ಲಿಗೇ ಹೋಗುತ್ತಾನೆ. ನೀವು ವರ್ಷಕ್ಕೊಂದು ದಿನ ಬಂದು ಒಳ್ಳೆಯವರಾಗಿ ಹೋಗುತ್ತೀರಿ. ನಾನು ಇಲ್ಲಿ ದಿನಾ ಇರಬೇಕಲ್ಲ?"

ಈ ಮಾತಿಗೆ ಥಟ್ಟನೆ ಉತ್ತರ ಕೊಡುವುದು ಯಾರಿಂದಲೂ ಆಗಲಿಲ್ಲ. ಆ ದಿನ ಬ್ರೆಡ್ಡು ಹಾಕಿಸದೆಯೇ ನೋಡಿದೆವು. ಬಹಳ ಹೊತ್ತು ಅಲುಗಾಡದೆ ತೇಲುತ್ತಿದ್ದರೆ ಕಲ್ಲಿನ ಸಂದಿಗಳಿಂದ ಒಂದೊಂದೇ ಮೀನು ತನ್ನ ಪಾಡಿಗೆ ತಾನು ಹೊರಬಂದು ಮೇಯತೊಡಗುತ್ತದೆ. ಕೆಲವರಿಗೆ ಅದೇ ದೊಡ್ಡ ಭಾಗ್ಯವೆನಿಸಿತು. ಇನ್ನು ಕೆಲವರಿಗೆ, ಮುಖ್ಯವಾಗಿ ಮಕ್ಕಳಿಗೆ, ನಿರಾಶೆಯಾದದ್ದೂ ನಿಜ. ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮೊಳಗೆ ಚರ್ಚೆ ಬಿಸಿಯೇರಿತು. ಅಲ್ಲಿ ಎದ್ದ ಆಕ್ಷೇಪಣೆಗಳು ಗಂಭೀರವಾದವು. ವಾಚಕರ ಮುಂದೆ ಇಡತಕ್ಕವು.

ಮೊದಲನೆಯ ಆಕ್ಷೇಪಣೆ ಊಟದ ಎಲೆಯ ಮುಂದೆಯೇ ಬಂತು. "ಬೆಳಿಗ್ಗೆ ಮೀನಿನ ಮೇಲೆ ಕನಿಕರ, ಮಧ್ಯಾಹ್ನ ಸುರಮಾಯಿ ಫ್ರೈ. ಇದೆಂಥ ಧರ್ಮ?" ಎಂದು ಸಸ್ಯಾಹಾರಿ ಮಿತ್ರರೊಬ್ಬರು ನಕ್ಕರು. ನಗು ನ್ಯಾಯವಾದದ್ದೇ. ಆದರೂ ಒಂದು ಭೇದವನ್ನು ಗಮನಿಸಬೇಕು. ಠೇವಣಿಯ ಬಡ್ಡಿಯನ್ನು ಉಣ್ಣುವುದು ಬೇರೆ, ಅಸಲನ್ನೇ ಕರಗಿಸುವುದು ಬೇರೆ. ಮರಿ ಹಾಕಿ ಬೆಳೆಯುವಷ್ಟನ್ನು ಬಿಟ್ಟು ಹಿಡಿದ ಮೀನು ಬಡ್ಡಿ; ಮೀನುಗಳು ಅಡಗುವ, ಮೇಯುವ, ಬೆಳೆಯುವ ಹವಳದ ದಿಬ್ಬ ಅಸಲು. ಮೀನು ತಿನ್ನುವುದು ಸರಿಯೇ ಎಂಬ ಪ್ರಶ್ನೆ ಹಿರಿದಾದದ್ದು, ಇಲ್ಲಿ ಅದಕ್ಕೆ ಅವಕಾಶವಿಲ್ಲ. ಆದರೆ ತಿನ್ನುವವನೂ ತಿನ್ನದವನೂ ಅಸಲನ್ನು ಕಾಯುವ ಹೊಣೆಯಲ್ಲಿ ಸಮಾನರು. ಸಸ್ಯಾಹಾರಿಯ ಕಾಲಿನಡಿಯಲ್ಲಿಯೂ ಹವಳ ಮುರಿಯುತ್ತದೆ.

ಎರಡನೆಯದು ನಮ್ಮೆಲ್ಲರ ಬಾಯಲ್ಲಿ ದಿನನಿತ್ಯ ಬರುವ ಮಾತು: "ಒಂದು ಚೂರಿನಿಂದ ಏನಾದೀತು?" ನಿಜ, ಒಂದರಿಂದ ಏನೂ ಆಗದು. ಕರಾವಳಿಯಿಂದ ಬಂದ ಹಿರಿಯರಿಗೆ ರಂಪಣಿ ಬಲೆಯ ನೆನಪಿರಬಹುದು. ಊರವರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ, ಎಳೆದವರೆಲ್ಲರಿಗೂ ಪಾಲು ಸಿಗುತ್ತಿದ್ದ ಬಲೆ ಅದು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಅದನ್ನು ಮುಗಿಸಿದ ದೋಣಿ ಯಾವುದೆಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಎಲ್ಲರ ಪಾಲೂ ಸೇರಿ ಆದ ಹಾನಿಯಲ್ಲಿ ಯಾರೊಬ್ಬರಿಗೂ ತನ್ನ ಪಾಲು ಕಾಣುವುದಿಲ್ಲ.

ಮೂರನೆಯದು ಇನ್ನೂ ತೀಕ್ಷ್ಣವಾದದ್ದು. ಕಡಲೇ ಬಿಸಿಯಾಗುತ್ತಿದೆ. ನೀರಿನ ಉಷ್ಣತೆ ಮಿತಿ ಮೀರಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿಕೊಂಡವು, 2024ರಲ್ಲಿ ಮತ್ತೊಮ್ಮೆ. ಜಗತ್ತಿನಾದ್ಯಂತ ನಾಲ್ಕನೆಯ ಸಲ ಇದು ನಡೆಯುತ್ತಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. "ಹೇಗೂ ಸಾಯುವುದಾದರೆ ನಾವು ಮುಟ್ಟಿದರೆಷ್ಟು, ಬಿಟ್ಟರೆಷ್ಟು?" ಎಂದು ಕಾಲೇಜಿಗೆ ಹೋಗುವ ಹುಡುಗನೊಬ್ಬ ಕೇಳಿದ. ಅವನಿಗೆ ನಮ್ಮ ಗುಂಪಿನ ಒಬ್ಬ ಅಜ್ಜಿಯೇ ಉತ್ತರ ಕೊಟ್ಟರು: "ಜ್ವರ ಬಂದು ಮಲಗಿದವರ ಮಂಚ ಹತ್ತಿ ಯಾರಾದರೂ ಕುಣಿಯುತ್ತಾರೇನೋ?" ಇದರಲ್ಲಿ ವಿಜ್ಞಾನವೂ ಇದೆ. ಬಿಸಿಯಿಂದ ನರಳಿದ ಹವಳ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಆ ಅವಧಿಯಲ್ಲಿ ತುಳಿತ, ಹೂಳು, ಕೊಳಕು ಇವು ಕಡಿಮೆಯಾಗಿದ್ದಷ್ಟೂ ಅದಕ್ಕೆ ಒಳ್ಳೆಯದು. ಆದರೆ ಹುಡುಗನ ಪ್ರಶ್ನೆಯಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಮುಟ್ಟಲಿಲ್ಲವೆಂಬ ಸಮಾಧಾನದಲ್ಲಿ ನಾವು ವರ್ಷವಿಡೀ ಉರಿಸುವ ಪೆಟ್ರೋಲು, ವಿದ್ಯುತ್ತುಗಳ ಲೆಕ್ಕವನ್ನು ಮರೆಯಬಾರದು. ಸಣ್ಣ ಸಂಯಮವು ದೊಡ್ಡ ಹೊಣೆಗೆ ಮುಸುಕಾದರೆ ಅದು ಸಂಯಮವಲ್ಲ.

ನಾಲ್ಕನೆಯ ಆಕ್ಷೇಪಣೆ ಎಲ್ಲಕ್ಕಿಂತ ಸರಳ: ಹಾಗಾದರೆ ಹೋಗುವುದೇ ಬೇಡ. ತರ್ಕಕ್ಕೆ ಇದು ಸರಿಯೆನಿಸುತ್ತದೆ. ಆದರೆ ಹೋಗದೆ ಉಳಿದವನು ಹವಳವನ್ನು ಉಂಗುರದ ಕಲ್ಲೆಂದೇ ತಿಳಿದು ಬಾಳುತ್ತಾನೆ. ಅದು ಸತ್ತರೂ ಅವನಿಗೆ ಸುದ್ದಿಯಿಲ್ಲ. ಅಲ್ಲದೆ, ಪ್ರವಾಸಿಗರೇ ಬಾರದಿದ್ದರೆ ದೋಣಿಯವನ ಒಲೆ ಉರಿಯುವುದು ಹೇಗೆ? 1987ರಲ್ಲಿ ಮಾಲವಣದ ಸುಮಾರು 29 ಚದರ ಕಿಲೋಮೀಟರ್ ಪ್ರದೇಶವನ್ನು ಸಾಗರ ಅಭಯಾರಣ್ಯವೆಂದು ಘೋಷಿಸಿದಾಗ ಅಲ್ಲಿಯ ಮೀನುಗಾರರು ವಿರೋಧಿಸಿದರು. ಜೀವನೋಪಾಯ ಹೋದೀತೆಂಬ ಅವರ ಭಯವನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಪ್ರಕೃತಿಯನ್ನು ಉಳಿಸುವ ಮಾತು ಪಟ್ಟಣದಿಂದ ಬರುತ್ತದೆ, ಅದರ ಖರ್ಚು ಮಾತ್ರ ದಡದ ಬಡವನ ಹೆಸರಿಗೆ ಬೀಳುತ್ತದೆ. ಇದು ಅವರ ಹಳೆಯ ಅನುಭವ.

ಇಲ್ಲಿಗೆ ನಮ್ಮ ಮೂಲ ಪ್ರಶ್ನೆಯ ಬುಡಕ್ಕೆ ಬಂದಂತಾಯಿತು. ಬ್ರೆಡ್ಡು ಬೇಡವೆಂದು ಹೇಳುವುದರಲ್ಲಿ ನಮಗೆ ಯಾವ ಖರ್ಚೂ ಇರಲಿಲ್ಲ. ಖರ್ಚು ದೋಣಿಯವನದು. ನಮ್ಮ ಪುಣ್ಯಕ್ಕೆ ಅವನು ದುಡ್ಡು ಕಟ್ಟಬೇಕೆಂದರೆ ಅದು ಎಂಥ ಪುಣ್ಯ? ಆದ್ದರಿಂದ ಗೊತ್ತುಮಾಡಿದ ಬಾಡಿಗೆಯ ಮೇಲೆ, ಹೆಚ್ಚು ಹೊತ್ತು ನಿಂತದ್ದಕ್ಕಾಗಿ, ಎಲ್ಲರೂ ಸೇರಿ ಇನ್ನಷ್ಟು ಹಣ ಕೂಡಿಸಿ ಕೊಟ್ಟೆವು. ಅವನು ತೆಗೆದುಕೊಂಡ, ಆದರೆ ಕೇಳಿಯೂ ಬಿಟ್ಟ: "ನೀವೇನೋ ಕೊಟ್ಟಿರಿ. ನಾಳೆ ಬರುವವರು ಕೊಡುತ್ತಾರೆಯೇ?" ಒಬ್ಬ ಗಿರಾಕಿಯ ಔದಾರ್ಯದಿಂದ ಒಂದು ದಿನ ನಡೆಯುತ್ತದೆ, ಸೀಸನ್ ಪೂರ್ತಿ ನಡೆಯುವುದಿಲ್ಲ ಎಂಬುದು ಅವನ ಮಾತಿನ ಅರ್ಥ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವಶಾಸ್ತ್ರಜ್ಞರು ಒಂದು ಪ್ರಸಿದ್ಧ ಲೇಖನ ಬರೆದರು. ಊರಿನ ಗೋಮಾಳದಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಇನ್ನೊಂದು ದನ ಬಿಡುತ್ತ ಹೋದರೆ ಕೊನೆಗೆ ಎಲ್ಲರ ಗೋಮಾಳವೂ ಬೋಳಾಗುತ್ತದೆ ಎಂಬುದು ಅವರ ವಾದ. ನಮ್ಮ ದೋಣಿಯವನ ಕಥೆಯೂ ಅದೇ. ಆದರೆ ಎಲಿನರ್ ಆಸ್ಟ್ರಂ ಎಂಬ ವಿದುಷಿ ಹಲವು ದೇಶಗಳ ಕಾಡು, ಮೀನುಗಾರಿಕೆ, ನೀರಾವರಿಗಳನ್ನು ಅಭ್ಯಾಸ ಮಾಡಿ, ಸೇರಿ ಬಾಳುವ ಜನ ತಮ್ಮಲ್ಲೇ ನಿಯಮ ಮಾಡಿಕೊಂಡು ಸಾಮಾನ್ಯ ಸ್ವತ್ತನ್ನು ದೀರ್ಘಕಾಲ ಉಳಿಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ ಎಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು. ಕನ್ನಡನಾಡಿನ ಹಳ್ಳಿಗಳಿಂದ ಬಂದವರಿಗೆ ಇದು ಹೊಸದಲ್ಲ. ಕೆರೆಯ ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯನ್ನು ನಮ್ಮ ಹಿರಿಯರು ಕಂಡಿದ್ದಾರೆ. ಬ್ರೆಡ್ಡು ಹಾಕುವುದಿಲ್ಲವೆಂದು ಒಂದು ದೋಣಿಯವನು ನಿಶ್ಚಯಿಸಿದರೆ ಅವನಿಗೆ ನಷ್ಟ. ಎಲ್ಲ ದೋಣಿಯವರೂ ಸೇರಿ ನಿಶ್ಚಯಿಸಿದರೆ ಯಾರಿಗೂ ನಷ್ಟವಿಲ್ಲ. ಮೀನು ಎಲ್ಲಿಗೂ ಓಡಿಹೋಗುವುದಿಲ್ಲ, ಗಿರಾಕಿಯೂ ಓಡಿಹೋಗುವುದಿಲ್ಲ. ಅಂಥ ನಿಶ್ಚಯ ಅವರಿಂದಲೇ ಬರಬೇಕು. ಅದನ್ನು ಕೇಳುವ, ಅದಕ್ಕೆ ಬೆಲೆ ಕೊಡುವ ಗಿರಾಕಿಗಳು ಇದ್ದಾರೆಂದು ತೋರಿಸುವುದು ಮಾತ್ರ ನಮ್ಮ ಕೆಲಸ.

ಕಡಲ ಜನಕ್ಕೆ ಸಂಯಮದ ಪಾಠ ಹೇಳಲು ನಾವು ಹೊರಡಬೇಕಾಗಿಲ್ಲ. ಶ್ರಾವಣದ ಹುಣ್ಣಿಮೆಯ ದಿನ, ಇಲ್ಲಿಯವರು ನಾರಳಿ ಪೂರ್ಣಿಮೆ ಎನ್ನುವ ದಿನ, ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಬಲೆ ಬಿಡುವುದು ಅವರ ಸಂಪ್ರದಾಯ. ಮಳೆಗಾಲದಲ್ಲಿ ಕಡಲಿಗೆ ಬಿಡುವು. ಈಗ ಸರ್ಕಾರವೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸುತ್ತದೆ. ಹೊಟ್ಟೆಪಾಡಿಗೆ ಕಡಲನ್ನು ನಂಬಿದವರು ವರ್ಷದಲ್ಲಿ ಎರಡು ತಿಂಗಳು ಕೈಕಟ್ಟಿ ಕೂರಬಲ್ಲರಾದರೆ, ಸುಖಕ್ಕಾಗಿ ಹೋಗುವ ನಾವು ಅರ್ಧ ಗಂಟೆ ಕೈಕಾಲು ಹಿಡಿತದಲ್ಲಿಟ್ಟುಕೊಳ್ಳಲಾರೆವೆಂದರೆ ನಾಚಿಕೆಗೇಡು.

ಜೈನಧರ್ಮದಲ್ಲಿ ಈರ್ಯಾ ಸಮಿತಿ ಎಂಬ ಒಂದು ವ್ರತವಿದೆ. ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಕಾಲಡಿಗೆ ಯಾವ ಜೀವಿಯೂ ಸಿಕ್ಕದಂತೆ ಹೆಜ್ಜೆಯಿಡಬೇಕು. ಅಲ್ಲಿ ನಡೆಯುವುದನ್ನು ನಿಷೇಧಿಸಿಲ್ಲ. ನೋಡದೆ ನಡೆಯುವುದನ್ನು ನಿಷೇಧಿಸಿದೆ. ಪ್ರವಾಸಿಗನಿಗೂ ಇದಕ್ಕಿಂತ ಒಳ್ಳೆಯ ನಿಯಮ ಬೇಕಿಲ್ಲ. ಹೊರನಾಡಿನಲ್ಲಿ ಬಾಳುವ ನಮಗೆ ಇದು ಬೇಗ ಅರ್ಥವಾಗಬೇಕು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಮುನ್ನ ಮಾಲೀಕರನ್ನು ಕೇಳುವವರು ನಾವು. ಈ ನಗರದಲ್ಲಿ ದಶಕಗಳ ಕಾಲ ಇದ್ದರೂ, ಇದು ಇನ್ನೊಬ್ಬರ ಮನೆಯಂಗಳವೂ ಹೌದು ಎಂಬ ಅರಿವು ನಮ್ಮನ್ನು ಬಿಟ್ಟಿಲ್ಲ. ನೀರಿನೊಳಗೆ ಮುಖವಿಟ್ಟ ಕ್ಷಣ ಮನುಷ್ಯರೆಲ್ಲರೂ ಹೊರನಾಡಿನವರೇ. ಅಲ್ಲಿ ನಮಗೆ ಉಸಿರಾಡಲಿಕ್ಕೂ ಎರವಲು ಕೊಳವೆ ಬೇಕು.

ನೋಡಿದವನು ಸಾಲಗಾರನಾಗುತ್ತಾನೆ. ಕಂಡ ಜೀವಿಗೂ ಸಾಲ, ಕಾಣಿಸಿದವನಿಗೂ ಸಾಲ. ಮೊದಲನೆಯದನ್ನು ಮುಟ್ಟದೆ, ತುಳಿಯದೆ, ಆಸೆ ತೋರಿಸಿ ಕರೆಯದೆ ತೀರಿಸಬೇಕು. ಎರಡನೆಯದನ್ನು ರೊಕ್ಕದಿಂದಲೇ ತೀರಿಸಬೇಕು. ಉಪದೇಶದಿಂದ ಅದು ತೀರುವುದಿಲ್ಲ.

ಕೊನೆಯದಾಗಿ ಸದಸ್ಯರ ಮುಂದೆ ಒಂದು ಸೂಚನೆ. ಮುಂದಿನ ಚಳಿಗಾಲಕ್ಕೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಬೇಕೆಂದು ಕೆಲವರು ಕೇಳಿದ್ದಾರೆ. ಅದು ನಮ್ಮದೇ ಕಡಲು. ಅಲ್ಲಿಯೂ ಹವಳವಿದೆ, ಅಲ್ಲಿಯೂ ದೋಣಿಯವರಿದ್ದಾರೆ. ಪ್ರವಾಸದ ವಂತಿಗೆಯನ್ನು ಗೊತ್ತುಮಾಡುವಾಗಲೇ ತಲಾ ಒಂದಿಷ್ಟು ಹಣವನ್ನು ಈ ಎರಡನೆಯ ಸಾಲಕ್ಕೆಂದು ಸೇರಿಸಿಕೊಳ್ಳೋಣ. ಮೀನಿಗೆ ತಿಂಡಿ ಹಾಕದೆ, ಲಂಗರನ್ನು ಹವಳದ ಮೇಲೆ ಬಿಡದೆ ಕರೆದೊಯ್ಯುವವರು ಯಾರೆಂದು ಮೊದಲೇ ಪತ್ರ ಬರೆದು ವಿಚಾರಿಸೋಣ, ಅಂಥವರಿಗೆ ಹೆಚ್ಚಿನ ಬಾಡಿಗೆ ಕೊಡುತ್ತೇವೆಂದು ಪತ್ರದಲ್ಲೇ ತಿಳಿಸೋಣ. ವಂತಿಗೆ ಹೆಚ್ಚಾದರೆ ಬರಲಾಗದ ಕುಟುಂಬಗಳಿದ್ದಲ್ಲಿ ಆ ಭಾರವನ್ನು ಉಳಿದವರು ಹಂಚಿಕೊಳ್ಳಬೇಕಾದೀತು. ಈ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಬರೆದು ತಿಳಿಸಬೇಕಾಗಿ ವಿನಂತಿ.